ಎಂಟು ಅಡಿ ಅಂದರೆ ಎಂಟು ಅಡಿ: ಸಿನಿಮಾ ಲೆನ್ಸ್ ಮಾಡುವವರ ಕೆಲಸ

ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಮದುವೆ ವಿಡಿಯೋ ತೆಗೆಯುವುದು ಅಂದರೆ ಯಾರಿಗೂ ಬೇಡವಾದ ಕೆಲಸ. ಬೆಳಗ್ಗೆ ಹತ್ತಕ್ಕೇ ಬಿಸಿಲು ನೆತ್ತಿಗೆ ಬಂದಿರುತ್ತದೆ. ಮಧ್ಯಾಹ್ನ 43, 44 ಡಿಗ್ರಿ. ಇದೇ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದ ಗೆಳೆಯನೊಬ್ಬ ನನಗಿದ್ದಾನೆ. ಹೋದ ವರ್ಷ ಅವನಿಗೆ ದೊಡ್ಡ ಮನೆಯ ಮದುವೆಯೊಂದು ಸಿಕ್ಕಿತು. "ಸಿನಿಮಾ ಥರಾನೇ ಬರಬೇಕು" ಅಂತ ಅವರ ಆಸೆ. ಇವನು ಹೈದರಾಬಾದಿಗೆ ಹೋಗಿ 25 ಮಿ.ಮೀ.ನ ಒಂದು ಸಿನಿಮಾ ಲೆನ್ಸ್ ಬಾಡಿಗೆಗೆ ತಂದ. ಒಂದೂವರೆ ಕೆ.ಜಿ. ತೂಕ, ಮೈತುಂಬ ಅಡಿ ಇಂಚಿನ ಗೆರೆಗಳು.

ಶಾಮಿಯಾನದ ಕೆಳಗೆ ಟೇಪು ಹಿಡಿದು ಅಳೆದ. ಮದುಮಗಳ ಮುಖಕ್ಕೆ ಸರಿಯಾಗಿ 8 ಅಡಿ. ಲೆನ್ಸಿನ ಉಂಗುರ ತಿರುಗಿಸಿ 8ರ ಗೆರೆಗೆ ತಂದ. ಮಾನಿಟರ್‌ನಲ್ಲಿ ನೋಡಿದರೆ ಮುಖ ಮೆತ್ತಗೆ. ಅವಳ ಮುಂದೆ ಒಂದಡಿ ದೂರದಲ್ಲಿದ್ದ ಕಳಸ ಮಾತ್ರ ಚೂಪಾಗಿ ಕಾಣುತ್ತಿದೆ, ತೆಂಗಿನಕಾಯಿಯ ಜುಟ್ಟು ಎಣಿಸಬಹುದು.

"ನೋಡು ದೋಸ್ತ, ಗೆರಿ ಒಂದ್ ಹೇಳ್ತದ, ಚಿತ್ರ ಒಂದ್ ಹೇಳ್ತದ" ಅಂತ ಸಂಜೆ ಅವನು ನನ್ನೆದುರು ಗೋಳಾಡಿದ. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು, ಉತ್ತರ ನನಗೆ ಗೊತ್ತಿರುತ್ತದೆ ಅಂತ ಅವನ ನಂಬಿಕೆ. ಪಕ್ಕದಲ್ಲೇ ಕೂತಿದ್ದ ಅಕ್ಕನ ಮಗ ಲೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನು ಆಗ ತಾನೇ ಪಿ.ಯು. ಮುಗಿಸಿದ್ದ. "ಮಾಮಾ, ಇದನ್ನ ಯಾರ್ ಮಾಡ್ತಾರ್ರಿ? ಇದಕ್ಕೂ ಇಂಜಿನಿಯರಿಂಗ್ ಅದ ಏನ್ರಿ?"

ಇದೆ. ಗೆಳೆಯನ ಗೋಳಿಗೆ ಉತ್ತರ ಇರುವುದೂ ಆ ಇಂಜಿನಿಯರಿಂಗ್‌ನಲ್ಲೇ.

ಮೊದಲು ಒಂದು ಸಣ್ಣ ಪ್ರಯೋಗ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಒಂದು ಸ್ಟೀಲ್ ಬಟ್ಟಲಲ್ಲಿ ಅರ್ಧಕ್ಕೆ ಹಾಲು ಹಾಕಿ ಕಟ್ಟೆಯ ಮೇಲಿಡಿ. ಹಾಲಿನ ಮೇಲೆ ಬೆಳಕಿನ ಒಂದು ಆಕಾರ ಮೂಡುತ್ತದೆ. ಎರಡು ಬಿಲ್ಲುಗಳು ಬಂದು ಒಂದು ಚೂಪು ತುದಿಯಲ್ಲಿ ಕೂಡಿದ ಹಾಗೆ. ಬಟ್ಟಲಿನ ಒಳಗೋಡೆ ಕನ್ನಡಿಯಂತೆ ಕೆಲಸ ಮಾಡಿ ಬೆಳಕನ್ನು ಒಂದೆಡೆ ಸೇರಿಸಲು ನೋಡುತ್ತಿದೆ, ಆದರೆ ಆಗುತ್ತಿಲ್ಲ. ಗೋಡೆಯ ನಡುಭಾಗಕ್ಕೆ ಬಡಿದ ಕಿರಣ ಒಂದು ಕಡೆ ಸೇರುತ್ತದೆ, ಅಂಚಿಗೆ ಬಡಿದದ್ದು ಇನ್ನೊಂದು ಕಡೆ. ಗುಂಡನೆಯ ಮೈ ಇರುವ ಎಲ್ಲದಕ್ಕೂ ಈ ಚಾಳಿ ಇದೆ, ಗಾಜಿನ ಲೆನ್ಸಿಗೂ ಇದೆ. ಒಂದೇ ಚುಕ್ಕಿಯಾಗಬೇಕಾದ ಬೆಳಕು ಹರಡಿಕೊಂಡು ಮಸುಕಾಗುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಗೋಳೀಯ ವಿಪಥನ ಅಂತ ಹೆಸರು. ನಾವು ಸುಮ್ನೆ ದೋಷ ಅನ್ನೋಣ.

ದೋಷ ಇದೊಂದೇ ಆಗಿದ್ದರೆ ಚೆನ್ನಾಗಿತ್ತು. 1857ರಲ್ಲಿ ಜರ್ಮನಿಯ ಲುಡ್ವಿಗ್ ಸೈಡೆಲ್ ಲೆಕ್ಕ ಹಾಕಿ ಇಂಥ ಐದನ್ನು ಬೇರೆ ಬೇರೆಯಾಗಿ ತೋರಿಸಿದ. ಚಿತ್ರದ ಅಂಚಿನಲ್ಲಿ ಚುಕ್ಕಿಗೆ ಧೂಮಕೇತುವಿನಂತೆ ಬಾಲ ಬರುವುದು ಒಂದು. ಅಡ್ಡಗೆರೆ ಚೂಪಾದರೆ ಉದ್ದಗೆರೆ ಮಸುಕಾಗುವುದು ಇನ್ನೊಂದು. ಚಪ್ಪಟೆ ಗೋಡೆಯ ಬಿಂಬ ಬೋಗುಣಿಯಂತೆ ಬಾಗುವುದು, ನೆಟ್ಟಗಿನ ಕಂಬ ಬಿಲ್ಲಾಗುವುದು ಮತ್ತೆರಡು. ಇವುಗಳ ಮೇಲೆ ಬಣ್ಣದ ಕಾಟ ಬೇರೆ. ಗಾಜು ನೀಲಿಯನ್ನು ಜಾಸ್ತಿ ಬಗ್ಗಿಸುತ್ತದೆ, ಕೆಂಪನ್ನು ಕಡಿಮೆ. ಅದರಿಂದ ಇನ್ನೆರಡು ದೋಷ. ಒಟ್ಟು ಏಳು.

ಒಂದೇ ಗಾಜಿನಿಂದ ಈ ಏಳನ್ನೂ ಕಳೆಯಲಾಗದು. ಅದಕ್ಕೇ ಲೆನ್ಸ್ ಅನ್ನುವ ಆ ಕೊಳವೆಯೊಳಗೆ ಹತ್ತೋ ಹದಿನೈದೋ ಗಾಜುಗಳು ಸಾಲಾಗಿ ಕೂತಿರುತ್ತವೆ. ಒಂದು ಗಾಜು ಮಾಡಿದ ತಪ್ಪನ್ನು ಇನ್ನೊಂದು ಉಲ್ಟಾ ತಪ್ಪು ಮಾಡಿ ಸರಿಪಡಿಸುತ್ತದೆ. ಆದರೆ ಸರಿಪಡಿಸುವ ಆ ಗಾಜು ತನ್ನದೇ ಹೊಸ ತಪ್ಪು ತರುತ್ತದೆ. ಸಣ್ಣ ಕೌದಿ ಹೊದ್ದ ಹಾಗೆ. ತಲೆ ಮುಚ್ಚಿದರೆ ಕಾಲು ಹೊರಗೆ, ಕಾಲು ಮುಚ್ಚಿದರೆ ತಲೆ ಹೊರಗೆ. ಯಾವುದನ್ನು ಎಷ್ಟು ಹೊರಗೆ ಬಿಡಬೇಕು ಅಂತ ತೀರ್ಮಾನಿಸುವುದೇ ಲೆನ್ಸ್ ಇಂಜಿನಿಯರನ ಕೆಲಸ.

ನನಗೆ ಬಹಳ ಇಷ್ಟವಾದ ಕತೆ 1893ರದ್ದು. ಇಂಗ್ಲೆಂಡಿನ ಯಾರ್ಕ್ ಊರಿನ ಕುಕ್ ಅನ್ನುವ ದೂರದರ್ಶಕದ ಕಾರ್ಖಾನೆಯಲ್ಲಿ ಡೆನ್ನಿಸ್ ಟೇಲರ್ ಎಂಬಾತ ಕೆಲಸ ಮಾಡುತ್ತಿದ್ದ. ಅವನು ಬರೀ ಮೂರೇ ಗಾಜಿನ ಒಂದು ಲೆನ್ಸ್ ಮಾಡಿದ. ಎಣಿಸಿ ನೋಡಿ. ಮೂರು ಗಾಜಿಗೆ ಆರು ಮೈ, ಅಂದರೆ ಬೇಕಾದಂತೆ ಬದಲಿಸಬಹುದಾದ ಆರು ಬಾಗು. ಗಾಜುಗಳ ನಡುವೆ ಎರಡು ಸಂದು. ಒಟ್ಟು ಎಂಟು. ಕಳೆಯಬೇಕಾದ ದೋಷ ಏಳು, ಜೊತೆಗೆ ಬೇಕಾದ ಫೋಕಲ್ ಲೆಂಗ್ತ್ (ಲೆನ್ಸಿನ ಹೆಸರಲ್ಲಿ ಬರುವ 25 ಮಿ.ಮೀ. ಥರದ ಅಳತೆ) ಒಂದು. ಅದೂ ಎಂಟು! ಎಂಟು ಬೀಗಕ್ಕೆ ಎಂಟೇ ಕೀಲಿಕೈ. ಯಾವುದೂ ಹೆಚ್ಚಿಲ್ಲ, ಯಾವುದೂ ಕಡಿಮೆಯಿಲ್ಲ. ಲಾಗ್ ಟೇಬಲ್ ಹಿಡಿದು ಕೈಯಲ್ಲಿ ಲೆಕ್ಕ ಹಾಕುತ್ತಿದ್ದ ಕಾಲದ ಮಾತಿದು. ಕಾರ್ಖಾನೆ ತಾನೇ ಅದನ್ನು ತಯಾರಿಸಲು ಹೋಗಲಿಲ್ಲ, ಲೆಸ್ಟರ್ ಊರಿನ ಟೇಲರ್, ಟೇಲರ್ ಅಂಡ್ ಹಾಬ್ಸನ್ ಕಂಪನಿಗೆ ಒಪ್ಪಿಸಿತು. ಕುಕ್ ಅನ್ನುವ ಹೆಸರು ಮಾತ್ರ ಲೆನ್ಸಿಗೆ ಅಂಟಿಕೊಂಡಿತು. ಇಂದಿಗೂ ಲೆಸ್ಟರಿನಿಂದ ಬರುವ ಸಿನಿಮಾ ಲೆನ್ಸುಗಳ ಮೇಲೆ ಅದೇ ಹೆಸರಿದೆ.

ಅದೇ ಕಂಪನಿಯಲ್ಲಿ ಮುಂದೆ ಹೊರೇಸ್ ಲೀ ಎಂಬಾತ 1920ರಲ್ಲಿ ಎಫ್ 2ರಷ್ಟು (ಈ ಸಂಖ್ಯೆ ಸಣ್ಣದಾದಷ್ಟೂ ಬೆಳಕು ಜಾಸ್ತಿ) ಬೆಳಕು ಕುಡಿಯುವ ಲೆನ್ಸ್ ರೂಪಿಸಿದ. ಸಿನಿಮಾದವರಿಗೆ ಅದರ ಬೆಲೆ ಗೊತ್ತಾಗಿದ್ದು 1920ರ ದಶಕದ ಕೊನೆಗೆ, ಸಿನಿಮಾ ಮಾತಾಡಲು ಶುರುಮಾಡಿದಾಗ. ಅಲ್ಲಿವರೆಗೆ ಸ್ಟುಡಿಯೋದಲ್ಲಿ ಉರಿಯುತ್ತಿದ್ದ ಆರ್ಕ್ ದೀಪಗಳು ಗುಂಯ್ ಅನ್ನುತ್ತಿದ್ದವು, ಮೈಕು ಅದನ್ನೂ ಹಿಡಿಯುತ್ತಿತ್ತು. ಸದ್ದಿಲ್ಲದ ಬಲ್ಬುಗಳು ಬಂದವು, ಬೆಳಕು ಕಡಿಮೆಯಾಯಿತು. ಕಡಿಮೆ ಬೆಳಕಲ್ಲಿ ನೋಡಬಲ್ಲ ಲೆನ್ಸ್ ಬೇಕಾಯಿತು. ಲೀ ರೂಪಿಸಿದ ಬಗೆಯ ಸ್ಪೀಡ್ ಪಂಕ್ರೋ ಲೆನ್ಸುಗಳು ಹಾಲಿವುಡ್ ತುಂಬಿದವು. ಮುಂದೆ ಬಣ್ಣದ ಸಿನಿಮಾ ತೆಗೆಯುವ ಟೆಕ್ನಿಕಲರ್‌ನ ಮೂರು ರೀಲಿನ ಕ್ಯಾಮೆರಾ ಬಂದಾಗ ಇನ್ನೊಂದು ತಲೆನೋವು. ಲೆನ್ಸ್ ಮತ್ತು ಫಿಲ್ಮಿನ ನಡುವೆ ಒಂದು ದಪ್ಪ ಪಟ್ಟಕ ಕೂರಿಸಬೇಕು, ಜಾಗವೇ ಇಲ್ಲ. ಲೀ, ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸಿನ ಕ್ರಮವನ್ನೇ ತಿರುವುಮುರುವು ಮಾಡಿ ಹಿಂದೆ ಜಾಗ ಬಿಡುವ ಅಗಲ ಕೋನದ ಲೆನ್ಸ್ ಕೊಟ್ಟ. ಧ್ವನಿಯವರಿಗೂ ಬಣ್ಣದವರಿಗೂ ಬಂದ ಕಷ್ಟ ಕೊನೆಗೆ ಗಾಜಿನವನ ಮೇಜಿಗೆ ಬಂತು ನೋಡಿ.

ಈಗ ಮೇಜಿನ ಮೇಲೆ ಲಾಗ್ ಟೇಬಲ್ ಇಲ್ಲ. ಜೀಮ್ಯಾಕ್ಸ್, ಕೋಡ್ ಫೈವ್ ಥರದ ಸಾಫ್ಟ್‌ವೇರ್ ಇವೆ. ಕಿರಣವೊಂದು ಒಂದು ಮೈ ದಾಟುವಾಗ ಎಷ್ಟು ಬಾಗುತ್ತದೆ ಅಂತ ಕೈಲೆಕ್ಕ ಮಾಡಲು ನಿಮಿಷಗಳೇ ಬೇಕಿತ್ತು. ಲ್ಯಾಪ್‌ಟಾಪ್ ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಮೈಗಳನ್ನು ದಾಟಿಸುತ್ತದೆ. ಹಾಗಾದರೆ ಇಂಜಿನಿಯರ್ ಯಾಕೆ? ಯಾದಗಿರಿ ಕೋಟೆಯ ಬೆಟ್ಟದ ಮೇಲೆ ಕತ್ತಲಲ್ಲಿ ಒಬ್ಬನನ್ನು ಬಿಟ್ಟು, ಕೈಗೊಂದು ಸಣ್ಣ ಬ್ಯಾಟರಿ ಕೊಟ್ಟು, ಎಲ್ಲಕ್ಕಿಂತ ತಗ್ಗಿನ ಜಾಗಕ್ಕೆ ಹೋಗು ಅಂದರೆ ಏನು ಮಾಡುತ್ತಾನೆ? ಕಾಲು ಇಳಿಜಾರಿಗೆ ಹೋದಂತೆ ಹೋಗಿ ಯಾವುದೋ ಹೊಂಡದಲ್ಲಿ ನಿಂತು "ಬಂದೆ" ಅನ್ನುತ್ತಾನೆ. ಆಚೆ ಬಂಡೆಯ ಹಿಂದೆ ಇನ್ನೂ ಆಳದ ಕಣಿವೆ ಇರುವುದು ಅವನಿಗೆ ಕಾಣುವುದಿಲ್ಲ. ಸಾಫ್ಟ್‌ವೇರ್ ದೋಷ ಕಡಿಮೆ ಮಾಡುವುದು ಬಹುಪಾಲು ಹೀಗೇ. ಎಲ್ಲಿಂದ ಇಳಿಯಲು ಶುರುಮಾಡಬೇಕು ಅಂತ ಹೇಳುವವನು ಇಂಜಿನಿಯರ್. ಯಾವ ದೋಷಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವುದೂ ಅವನ ಮಾತೇ.

ಗಾಜಿನ ಆಯ್ಕೆಯೂ ಅವನದೇ. ಶಾಟ್, ಒಹಾರಾ, ಹೋಯಾ ಕಂಪನಿಗಳ ಪಟ್ಟಿಯಲ್ಲಿ ನೂರಾರು ಬಗೆಯ ಗಾಜುಗಳಿವೆ. ಕಾಗದದ ಮೇಲೆ ಹೇಳಿ ಮಾಡಿಸಿದಂತಿರುವ ಗಾಜು ತೇವಕ್ಕೆ ಕಲೆಗಟ್ಟಬಹುದು, ಮೆತ್ತಗಿದ್ದು ಪಾಲಿಶ್‌ನಲ್ಲಿ ಗೀರು ಬೀಳಬಹುದು, ಅಥವಾ ರೇಟು ಕೇಳಿದರೆ ಎದೆ ಧಸಕ್ ಅನ್ನಬಹುದು. ಒಂದೇ ಹೆಸರಿನ ಗಾಜು ಕೂಡ ಕುಲುಮೆಯ ಒಂದು ಪಾಕದಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಹೊಸ ಪಾಕ ಬಂದಾಗ ಸಂದುಗಳ ಲೆಕ್ಕವನ್ನು ಮತ್ತೆ ಸರಿಮಾಡಿಕೊಳ್ಳಬೇಕು.

ಇಷ್ಟೆಲ್ಲ ಫೋಟೋ ಲೆನ್ಸಿಗೂ ಅನ್ವಯಿಸುತ್ತದೆ. ಸಿನಿಮಾ ಲೆನ್ಸಿಗೆ ಮೇಲೆ ಇನ್ನಷ್ಟು ಕಟ್ಟಳೆ. ಫೋಟೋ ಒಂದು ಕ್ಷಣದ್ದು, ಸಿನಿಮಾದಲ್ಲಿ ಫೋಕಸ್ ಬದಲಾಗುವುದನ್ನೇ ಪ್ರೇಕ್ಷಕ ನೋಡುತ್ತಾನೆ. ಹತ್ತಿರದವನಿಂದ ದೂರದವಳಿಗೆ ಫೋಕಸ್ ಎಳೆದಾಗ ಇಡೀ ಚಿತ್ರ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗಬಾರದು. ಆ ಎಳೆತಕ್ಕೇ ಸೆಟ್ಟಿನಲ್ಲಿ ಒಬ್ಬ ಬೇರೆ ಆಳು ಇರುತ್ತಾನೆ, ಫೋಕಸ್ ಪುಲ್ಲರ್ ಅಂತ. ಅವನಿಗಾಗಿ ಫೋಕಸ್ ಉಂಗುರ ಸುಮಾರು 300 ಡಿಗ್ರಿ ತಿರುಗುತ್ತದೆ, ಗೆರೆಗಳ ನಡುವೆ ಜಾಗ ಸಿಗಲಿ ಅಂತ. 18 ಮಿ.ಮೀ. ತೆಗೆದು 75 ಹಾಕಿದರೂ ಹಲ್ಲುಚಕ್ರ ಅದೇ ಜಾಗದಲ್ಲಿ ಸಿಗಬೇಕು, ಚರ್ಮದ ಬಣ್ಣ ಹಾಗೇ ಇರಬೇಕು.

ಬೆಳಕಿನ ಅಳತೆಯೂ ಬೇರೆ. ಫೋಟೋದವರು ಎಫ್ ಸಂಖ್ಯೆ ಹೇಳಿದರೆ ಸಿನಿಮಾದವರು ಟಿ ಸಂಖ್ಯೆ ಹೇಳುತ್ತಾರೆ. ಎಫ್ ಅಂದರೆ ಬರೀ ಬಾಗಿಲಿನ ಅಗಲದ ಲೆಕ್ಕ. ಟಿ ಅಂದರೆ ನಿಜವಾಗಿ ಎಷ್ಟು ಬೆಳಕು ಒಳಗೆ ತಲುಪಿತು ಅನ್ನುವುದು. ಇವೆರಡರ ನಡುವಿನ ಸೋರಿಕೆ ಸಣ್ಣದಲ್ಲ. ಸಾದಾ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಭಾಗ ವಾಪಸ್ ಎಸೆಯುತ್ತದೆ. ಹತ್ತು ಬಿಡಿ ಗಾಜು ಅಂದರೆ ಇಪ್ಪತ್ತು ಮೈ. ಗುಣಿಸುತ್ತ ಹೋಗಿ, ಕೊನೆಗೆ ಉಳಿಯುವುದು ಬರೀ 44 ಭಾಗ. ವಾಪಸಾದದ್ದರಲ್ಲಿ ಒಂದಿಷ್ಟು ಒಳಗೆ ಅತ್ತಿಂದಿತ್ತ ಬಡಿದಾಡಿ ಚಿತ್ರದ ಮೇಲೆ ಮಂಜು ಕವಿಸುತ್ತದೆ. ಹಳತಾಗಿ ಬಣ್ಣಗೆಟ್ಟ ಲೆನ್ಸುಗಳಲ್ಲಿ ಹೊಸದಕ್ಕಿಂತ ಜಾಸ್ತಿ ಬೆಳಕು ಹಾಯುವುದನ್ನು ಗಮನಿಸಿದ್ದೂ ಅದೇ ಡೆನ್ನಿಸ್ ಟೇಲರ್. ಗಾಜಿನ ಮೇಲಿನ ಆ ತೆಳು ಪೊರೆಯೇ ಬೆಳಕು ವಾಪಸ್ ಹೋಗುವುದನ್ನು ತಡೆಯುತ್ತಿತ್ತು. ಅಂಥ ಪೊರೆಯನ್ನು ನಿರ್ವಾತದಲ್ಲಿ ಬೇಕೆಂದೇ ಲೇಪಿಸುವ ದಾರಿಯನ್ನು 1935ರಲ್ಲಿ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಕಂಡುಕೊಂಡ. ಒಳ್ಳೆಯ ಲೇಪನದಿಂದ ಒಂದು ಮೈಯ ನಷ್ಟ ನೂರಕ್ಕೆ 4 ಭಾಗದಿಂದ ಬರೀ ಅರ್ಧ ಭಾಗಕ್ಕೆ (0.5) ಇಳಿದರೆ ಅದೇ ಇಪ್ಪತ್ತು ಮೈಗಳಿಂದ 90 ಭಾಗ ಬೆಳಕು ಆಚೆ ಬರುತ್ತದೆ. ಲೆನ್ಸನ್ನು ಓರೆಯಾಗಿ ಹಿಡಿದರೆ ನೇರಳೆ, ಹಸಿರು ಮಿಂಚುತ್ತದಲ್ಲ, ಅದೇ ಇದು.

ಇನ್ನೊಂದು ಮಾತು, ಬೀದರ್‌ನವರಿಗೆ ಖುಷಿಯಾಗಬಹುದು. ಲೆನ್ಸಿನೊಳಗಿನ ಗಾಜುಗಳ ಪಕ್ಕದ ಅಂಚಿಗೆ ಕಪ್ಪು ಬಳಿಯುತ್ತಾರೆ. ದಾರಿ ತಪ್ಪಿದ ಬೆಳಕನ್ನು ಆ ಕಪ್ಪು ನುಂಗಿಬಿಡಬೇಕು. ಎಷ್ಟೋ ಕಡೆ ಇದು ಈಗಲೂ ಕುಂಚ ಹಿಡಿದು ಕೈಯಲ್ಲಿ ಮಾಡುವ ಕೆಲಸ. ಬಿದರಿಯಲ್ಲಿ ಬೆಳ್ಳಿಯ ಎಳೆ ಕೂರಿಸಿದ ಮೇಲೆ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಲ್ಲಿ ಹೂಜಿಯನ್ನು ತಿಕ್ಕಿದಾಗ ಲೋಹವಷ್ಟೇ ಕಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ಕಪ್ಪು ಸರಿಯಾಗಿ ಕೂರದಿದ್ದರೆ ಅಲ್ಲಿ ಬೆಳ್ಳಿಯೂ ಮಂಕು, ಇಲ್ಲಿ ಚಿತ್ರವೂ ಮಂಕು.

ಈಗ ಗೆಳೆಯನ 8 ಅಡಿಗೆ ಬರೋಣ.

ಸಿನಿಮಾ ಕ್ಯಾಮೆರಾಗಳಲ್ಲಿ ಬಳಕೆಯಲ್ಲಿರುವ ಪಿ.ಎಲ್. ಮೌಂಟ್ ಅನ್ನುವ ಬಾಯಿಯಿಂದ ಒಳಗಿನ ಸೆನ್ಸರ್‌ಗೆ ಇರಬೇಕಾದ ದೂರ 52.00 ಮಿ.ಮೀ. ಆ ಎರಡು ಸೊನ್ನೆಗಳು ಚಂದಕ್ಕೆ ಬರೆದದ್ದಲ್ಲ. ಟಿ 1.5ರಷ್ಟು ಬಾಗಿಲು ತೆರೆದ ಲೆನ್ಸಿನಲ್ಲಿ ಬಿಂಬ ಚೂಪಾಗಿ ಕಾಣುವ ಜಾಗದ ಅಂಚು, 4ಕೆ ಚಿತ್ರಕ್ಕೆ, ಹಿಂದೆ ಮುಂದೆ ಸುಮಾರು 0.02 ಮಿ.ಮೀ. ಅಷ್ಟೇ. ತಲೆಗೂದಲನ್ನು ಉದ್ದಕ್ಕೆ ಮೂರು ಸೀಳು ಮಾಡಿದರೆ ಒಂದು ಸೀಳಿನಷ್ಟು.

ಕಾರ್ಖಾನೆಯಲ್ಲಿ ಲೆನ್ಸನ್ನು ಹೊಂದಿಸುವುದು 20 ಡಿಗ್ರಿಯ ತಣ್ಣನೆ ಕೋಣೆಯಲ್ಲಿ ಅಂದುಕೊಳ್ಳಿ. ನಮ್ಮ ಶಾಮಿಯಾನದ ಕೆಳಗೆ 45. ವ್ಯತ್ಯಾಸ 25 ಡಿಗ್ರಿ. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಹತ್ತು ಲಕ್ಷದಲ್ಲಿ 23 ಭಾಗ ಉದ್ದವಾಗುತ್ತದೆ. 52 ಮಿ.ಮೀ.ಗೆ, 25 ಡಿಗ್ರಿಗೆ ಗುಣಿಸಿ. 0.03 ಮಿ.ಮೀ. ಬಂತು. ಅಂಚು ಆಗಲೇ ದಾಟಿತು.

25 ಮಿ.ಮೀ. ಲೆನ್ಸ್ ದೂರದ ಬೆಟ್ಟದಿಂದ 8 ಅಡಿಯ ಮುಖಕ್ಕೆ ಫೋಕಸ್ ಬದಲಿಸಲು ಮುಂದೆ ಸರಿಯಬೇಕಾದದ್ದು ಎಷ್ಟು ಗೊತ್ತೇ? ಸುಮಾರು 0.26 ಮಿ.ಮೀ. ಮಾತ್ರ. ಅದಕ್ಕೆ ಬಿಸಿಲು ಪುಕ್ಕಟೆಯಾಗಿ 0.03 ಸೇರಿಸಿದರೆ 0.29 ಆಯಿತು. ಆ ಲೆಕ್ಕಕ್ಕೆ ಚೂಪಾಗಿ ಕಾಣುವ ದೂರ 7 ಅಡಿಯ ಆಸುಪಾಸು. ಕಳಸ ಇದ್ದದ್ದು ಅಲ್ಲೇ ಅಲ್ವಾ?

ಇದು ಪಾಠದ ಕೋಣೆಯ ಸರಳ ಲೆಕ್ಕ. ನಿಜದ ಲೆನ್ಸಿನಲ್ಲಿ ಗಾಜೂ ಹಿಗ್ಗುತ್ತದೆ, ಅದು ಬೆಳಕು ಬಗ್ಗಿಸುವ ಪ್ರಮಾಣವೂ ಬದಲಾಗುತ್ತದೆ. ಬಾಡಿಗೆ ಲೆನ್ಸು ಹತ್ತು ಕೈ ತಿರುಗಿ ಬಂದದ್ದು, ಒಳಗಿನ ಶಿಮ್ ಅನ್ನುವ ತೆಳು ತಗಡಿನ ಬಿಲ್ಲೆ ಮೊದಲೇ ಆಚೀಚೆ ಆಗಿರಲೂಬಹುದು. ಆದರೆ ಅಗಲ ಕೋನದ ಲೆನ್ಸಿಗೆ ಇಷ್ಟು ಸಣ್ಣ ಅಳತೆ ಇಷ್ಟು ದೊಡ್ಡ ಪೆಟ್ಟು ಕೊಡುತ್ತದೆ ಅನ್ನುವುದು ಪಕ್ಕಾ. ಅದಕ್ಕೇ ಒಳ್ಳೆಯ ಇಂಜಿನಿಯರ್ ಹೆಚ್ಚು ಹಿಗ್ಗುವ ಲೋಹದ ಎದುರು ಕಡಿಮೆ ಹಿಗ್ಗುವ ಲೋಹ ಇಟ್ಟು ಒಂದರ ಓಟಕ್ಕೆ ಇನ್ನೊಂದರಿಂದ ಲಗಾಮು ಹಾಕುತ್ತಾನೆ. ಟೈಟಾನಿಯಂ ಅಲ್ಯೂಮಿನಿಯಂನ ಅರ್ಧಕ್ಕಿಂತ ಕಡಿಮೆ ಹಿಗ್ಗುತ್ತದೆ. ಗ್ರೀಸ್ ಕೂಡ ಹಿಮದಲ್ಲಿ ಗಟ್ಟಿಯಾಗದ, ನಮ್ಮ ಬಿಸಿಲಲ್ಲಿ ನೀರಾಗದ ಜಾತಿಯದ್ದೇ ಬೇಕು.

ಹೀಗಾಗಿ ಇದು ಒಬ್ಬನ ಕೆಲಸವಲ್ಲ. ಲೈಕಾದ ಸಮ್ಮಿಲಕ್ಸ್ ಸಿ ಲೆನ್ಸುಗಳಿಗೆ 2015ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂದಾಗ ಇಬ್ಬರ ಹೆಸರಿತ್ತು. ಬೆಳಕಿನ ವಿನ್ಯಾಸಕ್ಕೆ ಇಯಾನ್ ನೀಲ್, ಯಂತ್ರದ ವಿನ್ಯಾಸಕ್ಕೆ ಆಂದ್ರೆ ಡಿ ವಿಂಟರ್. ಗಾಜು ಎಲ್ಲಿರಬೇಕು ಅಂತ ಹೇಳುವವನೊಬ್ಬ, ಅದು ಅಲ್ಲೇ ಇರುವಂತೆ ನೋಡಿಕೊಳ್ಳುವವನೊಬ್ಬ.

ನೀಲ್ ಅವರ ದಾರಿ ನೋಡಿದರೆ ಈ ವೃತ್ತಿಯ ಚಹರೆ ತಿಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಓದು. ಮೊದಲ ಕೆಲಸ ಗ್ಲಾಸ್ಗೋದ ಬಾರ್ ಅಂಡ್ ಸ್ಟ್ರೌಡ್‌ನಲ್ಲಿ, ಸೈನ್ಯಕ್ಕೆ ದೃಷ್ಟಿ ಉಪಕರಣ ಮಾಡುವ ಕಂಪನಿ. ಶಾಖವನ್ನು ನೋಡುವ ಜೂಮ್ ಲೆನ್ಸುಗಳ ಮೇಲೆ ಕೈ ಪಳಗಿದ್ದು ಅಲ್ಲಿ. ಆಮೇಲೆ ಅಮೆರಿಕದ ಸಿನಿಮಾ ಕ್ಯಾಮೆರಾ ಕಂಪನಿ ಪ್ಯಾನಾವಿಷನ್ ಸೇರಿ ಪ್ರೈಮೋ ಲೆನ್ಸುಗಳನ್ನು ರೂಪಿಸಿದರು. ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಅವರಿಗೆ ಹಲವು ಸಲ ಬಂದಿದೆ. ಸಿನಿಮಾಕ್ಕೆ ನೇರ ಬಾಗಿಲು ಇಲ್ಲ, ಪಕ್ಕದ ಮನೆಯಿಂದ ಬರಬೇಕು.

ಈ ಕೆಲಸದ ತಮಾಷೆ ಇನ್ನೊಂದಿದೆ. ಇಂಜಿನಿಯರ್ ನೂರು ವರ್ಷ ಗುದ್ದಾಡಿ ದೋಷ ಕಳೆದರೆ ಛಾಯಾಗ್ರಾಹಕ ಬಂದು "ಮುಖ ಬಹಳ ಒರಟಾಗಿ ಕಾಣುತ್ತದೆ, ಸ್ವಲ್ಪ ದೋಷ ವಾಪಸ್ ಕೊಡಿ" ಅನ್ನುತ್ತಾನೆ. ಡಿಜಿಟಲ್ ಸೆನ್ಸರ್ ಬಂದ ಮೇಲೆ ಇದು ಜಾಸ್ತಿ. ಹಳೆಯ ಸ್ಪೀಡ್ ಪಂಕ್ರೋಗಳನ್ನು ಹುಡುಕಿ ಹೊಸ ಮೈ ಹೊಲಿಸುವವರಿದ್ದಾರೆ. ಬೇಕೆಂದೇ ಲೇಪನ ಕಡಿಮೆ ಮಾಡಿಸುವವರಿದ್ದಾರೆ. ಸಿನಿಮಾಸ್ಕೋಪ್ ನೋಡಿ. ಫ್ರಾನ್ಸಿನ ಆನ್ರಿ ಕ್ರೆತಿಯಾನ್ 1920ರ ದಶಕದಲ್ಲಿ ಮಾಡಿದ, ಚಿತ್ರವನ್ನು ಅಡ್ಡಕ್ಕೆ ಹಿಂಡುವ ಲೆನ್ಸಿನಿಂದ ಅದು ಹುಟ್ಟಿತು. ಹತ್ತಿರದ ಮುಖಗಳು ಊದಿದಂತೆ ಕಾಣುವುದು ಅದರ ಶಾಪವಾಗಿತ್ತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರ 'ಕಾಗಜ್ ಕೆ ಫೂಲ್'ಗೆ ಆ ಲೆನ್ಸ್ ಹಿಡಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಇವತ್ತು ಆ ಲೆನ್ಸಿನ ನೀಲಿ ಅಡ್ಡಗೆರೆಯ ಹೊಳಪು ಬೇಕೇ ಬೇಕು ಅಂತ ದುಡ್ಡು ಕೊಟ್ಟು ಕೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಇದರಲ್ಲಿ ಅರ್ಧ ಶೋಕಿ. ಆದರೆ ಇನ್ನರ್ಧ ನಿಜ. ಯಾವ ದೋಷ ಕಣ್ಣಿಗೆ ಹಿತ ಅನ್ನುವುದಕ್ಕೆ ಸಾಫ್ಟ್‌ವೇರ್‌ನಲ್ಲಿ ಖಾನೆ ಇಲ್ಲ.

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟು. ಬಿ.ಎಸ್ಸಿ. ಫಿಸಿಕ್ಸ್ ಆದರೂ ಸರಿ, ಇಲ್ಲೇ ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಬಿ.ಇ. ಆದರೂ ಸರಿ. ನಂತರ ಬೆಳಕಿನ ಕಡೆ ತಿರುಗು. ದಿಲ್ಲಿ ಐಐಟಿಯಲ್ಲಿ ಅಪ್ಲೈಡ್ ಆಪ್ಟಿಕ್ಸ್ ಎಂ.ಟೆಕ್ ಬಹಳ ವರ್ಷಗಳಿಂದ ಇದೆ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ವಿಭಾಗವಿದೆ, ಕೊಚ್ಚಿಯಲ್ಲೂ ಫೋಟಾನಿಕ್ಸ್ ಶಾಲೆ ಇದೆ. ಕೆಲಸ ಅಂದರೆ ಬೆಂಗಳೂರಿನಲ್ಲಿ ಇಸ್ರೋದ ಲಿಯೋಸ್ ಅನ್ನುವ ಪ್ರಯೋಗಾಲಯ ಉಪಗ್ರಹಗಳಿಗೆ ದೃಷ್ಟಿ ಕೊಡುತ್ತದೆ, ಡೆಹ್ರಾಡೂನ್‌ನಲ್ಲಿ ಡಿಆರ್‌ಡಿಒದ ಪ್ರಯೋಗಾಲಯವಿದೆ. ಕಾರಿನ ಕ್ಯಾಮೆರಾ, ಎಂಡೋಸ್ಕೋಪ್ ಮಾಡುವ ಖಾಸಗಿ ಕಂಪನಿಗಳಿಗೂ ಇದೇ ವಿದ್ಯೆ ಬೇಕು. ಸಿನಿಮಾ ಲೆನ್ಸೇ ಬೇಕು ಅಂದರೆ ಲೆಸ್ಟರ್, ಜರ್ಮನಿ, ಫ್ರಾನ್ಸ್, ಜಪಾನ್, ಈಗೀಗ ಚೀನಾ. ಆ ಕುರ್ಚಿಗಳು ಕಡಿಮೆ. ಅದೊಂದನ್ನೇ ನಂಬಿ ಹೊರಡಬೇಡ ಅಂದೆ.

"ಅದು ಆಮ್ಯಾಲ ನೋಡೋಣ್ರಿ ಮಾಮಾ, ಮೊದಲ ಬಟ್ಟಲ ತರ್ತೀನಿ" ಅಂತ ಎದ್ದು ಹೋದ. ಅಡಿಗೆಮನೆಯಲ್ಲಿ ಅಕ್ಕನ ಬೈಗುಳ ಕೇಳಿಸಿತು, ಹಾಲು ಮೊಸರಿಗೆ ಇಟ್ಟದ್ದಂತೆ.

ಈ ಮೇ ತಿಂಗಳಲ್ಲಿ ಗೆಳೆಯನಿಗೆ ಆಳಂದದ ಕಡೆ ಮತ್ತೊಂದು ಮದುವೆ. ಹುಡುಗನನ್ನೂ ಕರೆದುಕೊಂಡು ಹೋಗಿದ್ದ. ಈ ಸಲ ಲೆನ್ಸನ್ನು ಎ.ಸಿ. ಕಾರಿನಿಂದ ತೆಗೆದು ಒಂದು ತಾಸು ನೆರಳಲ್ಲಿ ಸುಮ್ನೆ ಇಟ್ಟರು, ಊರಿನ ಬಿಸಿಗೆ ಅದು ಹೊಂದಿಕೊಳ್ಳಲಿ ಅಂತ. ಕಂಪನಿ ಕೆತ್ತಿದ ಗೆರೆಗಳ ಮೇಲೆ ಬಿಳಿ ಟೇಪು ಸುತ್ತಿದರು. ಹುಡುಗ ಅಳತೆ ಟೇಪಿನ ತುದಿ ಹಿಡಿದು ಮಂಟಪದಲ್ಲಿ 5, 6, 8, 12 ಅಡಿಗೆ ನಿಂತ, ಕೈಯಲ್ಲೊಂದು ಸಣ್ಣ ಅಕ್ಷರದ ಪಂಚಾಂಗ. ಅಕ್ಷರ ಚೂಪಾದಾಗಲೆಲ್ಲ ಗೆಳೆಯ ಪೆನ್ಸಿಲಿನಲ್ಲಿ ಬಿಳಿ ಟೇಪಿನ ಮೇಲೆ ಒಂದು ಗೀಟು ಹಾಕಿದ. 8ರ ಗೀಟು ಹಳೆಯ ಗೆರೆಯಿಂದ ಹೆಸರುಕಾಳಿನಷ್ಟು ಆಚೆ ಬಿತ್ತು.